ಎಲ್ಲರೂ ನಾನೇ ಆದ ನಾಟಕ

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಹತ್ತನೇ ಕ್ಲಾಸಿನವರನ್ನು ಬೀಳ್ಕೊಡುವ ದಿನ ಒಂಬತ್ತನೆಯವರು ನಾಟಕ ಆಡಬೇಕು. ಅದರಲ್ಲಿ ರಾಜ ಇಲ್ಲ, ರಾಣಿ ಇಲ್ಲ. ಪಾತ್ರಗಳೆಲ್ಲ ನಾವೇ, ಮೇಷ್ಟ್ರುಗಳು. ಅವರು ನಮ್ಮನ್ನು ಅಣಕಿಸುತ್ತಾರೆ, ನಾವು ಮುಂದಿನ ಸಾಲಿನಲ್ಲಿ ಕೂತು ಹಲ್ಲು ಕಿರಿಯಬೇಕು. ಎದ್ದು ಹೋಗುವ ಹಾಗಿಲ್ಲ. ಜೊತೆಗೆ ಇನ್ನೊಂದು ನಿಯಮ. ಯಾರ ಪಾತ್ರ ಮಾಡುತ್ತಾರೋ ಅವರದೇ ಒಂದು ವಸ್ತುವನ್ನು ಅವರನ್ನೇ ಕೇಳಿ ಪಡೆಯಬೇಕು. ಗಣಿತದ ಸರ್ ಆದರೆ ಅವರ ಮಂಕಿ ಟೋಪಿ, ಪಿ.ಟಿ. ಸರ್ ಆದರೆ ಸೀಟಿ, ನಾನಾದರೆ ಶಾಲು. ಕೊಟ್ಟರೆ ಪಾತ್ರ ಉಂಟು, ಕೊಡದಿದ್ದರೆ ಇಲ್ಲ. ಕೊಟ್ಟದ್ದನ್ನು ನಾಟಕ ಮುಗಿಯುವ ತನಕ ವಾಪಸ್ ಕೇಳುವಂತಿಲ್ಲ.

ಶಾಲೆ ಇರುವುದು ಸಾರನಾಥ ದಾಟಿ ಇನ್ನೂ ಒಳಗೆ, ಸಾಸಿವೆ ಹೊಲಗಳ ಪಕ್ಕ. ನಾನಿರುವುದು ಊರಿನ ಇನ್ನೊಂದು ತುದಿಯ ಸೋನಾರ್‌ಪುರದ ಗಲ್ಲಿಯಲ್ಲಿ. ಗಂಡ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರು. ನಾನು ದಿನಾ ಬೆಳಿಗ್ಗೆ ಕುಕ್ಕರ್ ಇಳಿಸಿ, ಒಂದು ಇ-ರಿಕ್ಷಾ, ಆಮೇಲೆ ಆಟೋ, ಆಮೇಲೆ ಮತ್ತೊಂದು ಆಟೋ ಹಿಡಿದು, ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ನುಸುಳಿ, ಅಲ್ಲಿಗೆ ಹೋಗಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತಿರದಲ್ಲೇ ಶಾಲೆ ಇಲ್ಲವೇ ಅಂತ ಕೇಳಬೇಡಿ. ಕೇಳುವವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ.

ಈ ವರ್ಷ ನಾಟಕವೇ ನಿಲ್ಲುವ ಹಂತಕ್ಕೆ ಬಂತು. ಕಾರಣ, ಹೋದ ವರ್ಷದ ಮಫ್ಲರ್. ಶಾಲೆಯ ಯಜಮಾನರನ್ನು ನಾವು ಮ್ಯಾನೇಜರ್ ಸಾಹೇಬರು ಅನ್ನುತ್ತೇವೆ. ಹೋದ ವರ್ಷ ಒಬ್ಬ ಹುಡುಗ ಅವರ ಮುಂದೆ ನಿಂತು ಮಫ್ಲರ್ ಕೇಳಿದ್ದ. ಪಾಪ, ಮಗುವಿಗೆ ಚಳಿ ಅಂದುಕೊಂಡು ಕೊಟ್ಟುಬಿಟ್ಟರು. ಅವನು ಅದನ್ನೇ ಸುತ್ತಿಕೊಂಡು, ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಾ, ಎರಡು ಮಾತಿಗೊಮ್ಮೆ ಪಾನ್ ಉಗಿದ. ಮ್ಯಾನೇಜರ್ ಸಾಹೇಬರ ಬೀಗರು ಪಕ್ಕದಲ್ಲೇ ಕೂತಿದ್ದರು.

ಹಾಗಾಗಿ ಈ ಸಲ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಜಾಣತನದ ಮಾತಾಡಿದರು. ಅವರ ಮಾತೂ ಮಕ್ಕಳ ಮಾತೂ ಭೋಜಪುರಿ ಬೆರೆತ ಹಿಂದಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ನಾಟಕ ಬೇಡ ಅಂತ ನಾನೆಲ್ಲಿ ಅಂದೆ? ಆಡ್ಲಿ. ಆದ್ರೆ ಯಾರೂ ಯಾವ ಸಾಮಾನೂ ಕೊಡ್ಬೇಡಿ.”

ಗಣಿತದ ಸರ್ ತಕ್ಷಣ ಮಂಕಿ ಟೋಪಿ ತೆಗೆದು ಬ್ಯಾಗಿಗೆ ತುರುಕಿದರು. ಪಿ.ಟಿ. ಸರ್ ಸೀಟಿಯನ್ನು ಜೇಬಿಗೆ ಇಳಿಸಿದರು.

ಮರುದಿನದಿಂದ ಒಂಬತ್ತನೇ ಕ್ಲಾಸಿನ ಮಾನಿಟರ್ ಹುಡುಗಿ ಒಬ್ಬೊಬ್ಬರ ಹತ್ತಿರ ಬಂದು ನಿಂತಳು. ಎರಡು ಜಡೆ, ಅಣ್ಣನ ಹಳೇ ಸ್ವೆಟರ್, ಚೂರಿಯಂಥ ನಾಲಿಗೆ. ಎಲ್ಲರೂ ಇಲ್ಲ ಅಂದರು. ನನ್ನ ಹತ್ತಿರ ಬಂದಾಗ ಐದನೇ ಪಿರಿಯಡ್ ಮುಗಿಸಿ ಮೇಜಿಗೆ ತಲೆ ಇಟ್ಟಿದ್ದೆ.

“ಮ್ಯಾಡಮ್‌ಜೀ, ಶಾಲು.”

“ಬೇರೆಯವರು ಯಾರೂ ಕೊಡ್ಲಿಲ್ವಾ?”

“ಇಲ್ಲ. ಗಣಿತದ ಸರ್ ತಲೆಗೆ ಸೆಖೆ ಆಗ್ತಿದ್ಯಂತೆ, ಟೋಪೀನೇ ಹಾಕ್ತಿಲ್ವಂತೆ.” ಮೇಜಿಗೆ ಇನ್ನಷ್ಟು ಹತ್ತಿರ ಬಂದಳು. “ನಮ್ದು ಇದೊಂದೇ ನಾಟಕ ಮ್ಯಾಡಮ್‌ಜೀ. ಮುಂದಿನ ವರ್ಷ ಹತ್ತನೇ ಕ್ಲಾಸು, ಕೂತು ನೋಡೋದಷ್ಟೆ. ಆಮೇಲೆ ಶಾಲೇನೇ ಮುಗೀತು.”

ಅದು ನಿಜ. ನಮ್ಮದು ಹತ್ತನೇ ತನಕ ಮಾತ್ರ. ಪ್ರತಿ ಕ್ಲಾಸಿಗೂ ಸ್ಟೇಜು ಸಿಗುವುದು ಒಂದೇ ಸಲ.

ನಾನೇನೋ ಧೈರ್ಯ ಮಾಡಿದೆ ಅಂದುಕೊಳ್ಳಬೇಡಿ. ಇಲ್ಲ ಅನ್ನುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಇಲ್ಲ ಅಂದರೆ ಯಾಕೆ ಅಂತ ಕೇಳುತ್ತಾಳೆ, ಉತ್ತರ ಹೇಳಬೇಕು, ಅವಳು ಅಳಬಹುದು, ಸಮಾಧಾನ ಮಾಡಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆ? “ತಗೊಂಡು ಹೋಗು” ಅಂದೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಬೀಳ್ಕೊಡುಗೆಯ ದಿನ ಬೆಳಿಗ್ಗೆ ಆಟೋದಿಂದ ಇಳಿಯುವಷ್ಟರಲ್ಲಿ ಇಡೀ ಒಂಬತ್ತನೇ ಕ್ಲಾಸು ಗೇಟಿನ ಬಳಿ ನಿಂತಿತ್ತು. ಒಬ್ಬ ಬ್ಯಾಗ್ ಕೇಳಿದ. ಒಬ್ಬಳು ಛತ್ರಿ. ಮತ್ತೊಬ್ಬ ಊಟದ ಡಬ್ಬಿ. ಇನ್ನೊಬ್ಬ ಕೆಳಗೆ ನೋಡುತ್ತಾ, “ಚಪ್ಪಲಿ” ಅಂದ.

“ಏನ್ರೋ ಇದು? ಲೂಟಿನಾ?”

“ನೀವೊಬ್ರೇ ಅಲ್ವಾ ಮ್ಯಾಡಮ್‌ಜೀ ಕೊಟ್ಟಿದ್ದು?” ಮಾನಿಟರ್ ಹುಡುಗಿ ಹೇಳಿದಳು. “ಅದಕ್ಕೇ ಎಲ್ಲರೂ ನೀವೇ ಆಗ್ತೀವಿ.” ಅಂದವಳೇ ಕೈ ಚಾಚಿದಳು. “ಕನ್ನಡಕ ನಂಗೆ.”

ಕೊಟ್ಟೆ. ಕನ್ನಡಕ ತೆಗೆದರೆ ನನಗೆ ಒಂದು ಮಾರು ಆಚೆಯದು ಎಲ್ಲವೂ ಮಂಜು. ಬರಿಗಾಲಲ್ಲಿ, ತಡಕಾಡುತ್ತಾ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ನೆಲ ಐಸು. ವರಾಂಡವೇ ಸ್ಟೇಜು, ಎರಡು ಕಂಬಗಳ ನಡುವೆ ಬೆಡ್‌ಶೀಟ್ ಕಟ್ಟಿದ್ದರು. ಪ್ರಿನ್ಸಿಪಾಲರ ದನಿ ಕಿವಿಯ ಹತ್ತಿರವೇ ಕೇಳಿಸಿತು.

“ಮ್ಯಾಡಮ್, ಏನು ಹೇಳಿದ್ದೆ ನಾನು? ಹೋಗಿ ಸಾಮಾನು ವಾಪಸ್ ತಗೊಳ್ಳಿ. ಮ್ಯಾನೇಜರ್ ಸಾಹೇಬ್ರು ಬರೋದರೊಳಗೆ.”

“ಸರ್, ಚಪ್ಪಲಿ ಒಬ್ಬನ ಕಾಲಲ್ಲಿದೆ. ಕನ್ನಡಕ ಇನ್ನೊಬ್ಬಳ ಮೂಗಿನ ಮೇಲಿದೆ. ನಂಗೆ ಕಣ್ಣೇ ಕಾಣ್ತಿಲ್ಲ, ಯಾರ ಹತ್ರ ಹೋಗಿ ಕೇಳ್ಲಿ?”

“ಯಾರ್ಯಾರ ಪಾತ್ರ ಇದೆ?”

“ನಂದೊಂದೇ.”

ಅವರು ಒಳಗೇ ಲೆಕ್ಕಾಚಾರ ಹಾಕಿದರು ಅಂತ ಕಾಣುತ್ತದೆ. ಮ್ಯಾನೇಜರ್ ಸಾಹೇಬರ ಪಾತ್ರ ಇಲ್ಲ, ತಮ್ಮದೂ ಇಲ್ಲ. “ಹಾಗಾದ್ರೆ ಸರಿ” ಅಂದು ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತರು.

ಬೆಡ್‌ಶೀಟ್ ಸರಿಯಿತು. ನನಗೆ ಕಂಡದ್ದು ಬಣ್ಣಬಣ್ಣದ ಮುದ್ದೆಗಳು ಮಾತ್ರ. ಕೇಳಿಸಿದ್ದು ನಾನು. ಒಬ್ಬ ನಾನು ಆಟೋದವನ ಜೊತೆ ಜಗಳ ಆಡುತ್ತಿದ್ದೆ. ಇನ್ನೊಬ್ಬಳು ನಾನು ಹಾಜರಿ ಕೂಗುತ್ತಾ ಅರ್ಧದಲ್ಲಿ ತೂಕಡಿಸಿದೆ. ಮತ್ತೊಬ್ಬ ನಾನು ಡಬ್ಬಿ ತೆಗೆದು, “ಅಯ್ಯೋ ಶಿವನೇ” ಅಂದು ಮೊಸರನ್ನ ಮೂಸಿ ನೋಡಿದೆ. ಕೊನೆಗೆ ಒಬ್ಬಳು ಫೋನ್ ಕಿವಿಗಿಟ್ಟುಕೊಂಡು, “ಹಾಂ ರೀ, ಬಂದೆ ರೀ, ಕುಕ್ಕರ್ ರೀ, ಸೀಟಿ ರೀ, ಇಡ್ತೀನಿ ರೀ” ಅಂತ ಶುದ್ಧ ಕನ್ನಡದಲ್ಲಿ ಶುರು ಮಾಡಿದಾಗ ಹತ್ತನೇ ಕ್ಲಾಸಿನವರು ಬೆಂಚು ಬಡಿದರು. ಅದು ನಾನು ಗಂಡನ ಜೊತೆ ಕಾರಿಡಾರಿನಲ್ಲಿ ಆಡುವ ಮಾತು. ಎಲ್ಲಿ ನಿಂತು ಕದ್ದು ಕೇಳಿದ್ದರೋ! ಗದ್ದಲ ಜಾಸ್ತಿಯಾದಾಗ ಸ್ಟೇಜಿನ ಮೇಲಿದ್ದ ನಾವೆಲ್ಲರೂ ಒಟ್ಟಿಗೆ ತಿರುಗಿ, “ಸುಮ್ನಿರ್ರೋ!” ಅಂತ ಕಿರುಚಿದೆವು. ಮನೆಯಲ್ಲಿ ನನ್ನ ಸ್ವಂತ ಮಗಳು ಎಲ್ಲದಕ್ಕೂ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿ ಗೋಧಿ, ಸಾಸಿವೆ ಬೆಳೆಯುವವರ ಮಕ್ಕಳು ಕನ್ನಡದಲ್ಲಿ ಬೈಯುತ್ತಿದ್ದರು.

ನಗು ಇದ್ದಕ್ಕಿದ್ದಂತೆ ನಿಂತಿತು. ಸ್ಟೇಜಿನಿಂದ ಏನೂ ಶಬ್ದ ಇಲ್ಲ. ಇನ್ನೊಂದು ಪಕ್ಕದಲ್ಲಿದ್ದ ಗಣಿತದ ಸರ್ ಅವರನ್ನು ತಿವಿದೆ.

“ಏನಾಯ್ತು ಸರ್?”

“ಏನಿಲ್ಲ. ನೀವು ಕೂತಿದ್ದೀರಿ.”

“ಆಮೇಲೆ?”

“ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ತಿದ್ದೀರಿ.”

“ಈಗ?”

“ಇನ್ನೂ ಕೂತೇ ಇದ್ದೀರಿ ಮ್ಯಾಡಮ್.”

ಎಷ್ಟು ಹೊತ್ತೋ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಹೊಲದ ಕಡೆ ಪಂಪ್‌ಸೆಟ್ ಓಡುವುದು ಕೇಳಿಸುತ್ತಿತ್ತು. ಆಮೇಲೆ ಮಾನಿಟರ್ ಹುಡುಗಿಯ ದನಿ, ನನ್ನದೇ ದನಿ, ಎದ್ದಿತು. “ಹೂಂ. ಪುಸ್ತಕ ತೆಗೀರಿ.” ನಾಟಕ ಮುಗಿಯಿತು. ಚಪ್ಪಾಳೆ ಬೇಗ ನಿಲ್ಲಲಿಲ್ಲ.

ಸಾಮಾನು ಒಂದೊಂದಾಗಿ ವಾಪಸ್ ಬಂತು. ಡಬ್ಬಿ ಖಾಲಿ. ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಪಿನ್ನು ಚುಚ್ಚಿ ಕಾಲೆಳೆಯುತ್ತಾ ಆಟೋ ಹತ್ತಿದೆ. ಮ್ಯಾನೇಜರ್ ಸಾಹೇಬರಿಗೆ ನಾಟಕ ಬಹಳ ಹಿಡಿಸಿತಂತೆ. ಮುಂದಿನ ವರ್ಷದ ಜವಾಬ್ದಾರಿ ನನ್ನದೇ ಅಂತ ಪ್ರಿನ್ಸಿಪಾಲರು ಅಲ್ಲೇ ಘೋಷಿಸಿದರು. ಬಹುಮಾನ ಅಂದರೆ ನಮ್ಮಲ್ಲಿ ಇದೇ. ಮನೆಯಲ್ಲಿ ಗಂಡ ನನ್ನ ಕಾಲು ನೋಡಿ, “ಇದೇನೇ, ಬೀಳ್ಕೊಟ್ಟಿದ್ದು ಮಕ್ಕಳನ್ನೋ ಚಪ್ಪಲೀನೋ?” ಅಂದರು.

ಮರುದಿನ ಒಂಬತ್ತನೇ ಕ್ಲಾಸಿಗೆ ಹೋದರೆ ಹೊಸ ಪೀಕಲಾಟ. ಹೋದ ತಕ್ಷಣ ಕೂರುವುದು ನನ್ನ ಅಭ್ಯಾಸ. ಈಗ ಕುರ್ಚಿಯ ಹತ್ತಿರ ಹೋಗುತ್ತಿದ್ದಂತೆ ಇಡೀ ಕ್ಲಾಸು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿತ್ತು. ಕೂತರೆ ನಾನು ಅವರ ನಾಟಕದ ಹಾಗೆ ಕೂತ ಹಾಗಾಗುತ್ತದೆ. ಕಣ್ಣು ಒತ್ತಿಕೊಂಡರಂತೂ ಮುಗಿದೇ ಹೋಯಿತು. ಸುಮ್ಮನೆ ನಿಂತೇ ಪಾಠ ಮಾಡಿದೆ. ಅರ್ಧ ಪಿರಿಯಡ್ ಆಗುವಷ್ಟರಲ್ಲಿ ಸೊಂಟ ಮಾತಾಡತೊಡಗಿತು, ಬೋರ್ಡಿಗೆ ಒರಗಿದೆ, ಶಾಲಿಗೆಲ್ಲ ಸೀಮೆಸುಣ್ಣ ಮೆತ್ತಿತು.

ಮಾನಿಟರ್ ಹುಡುಗಿ ಎದ್ದು ಬಂದಳು. ಕುರ್ಚಿಯನ್ನು ನನ್ನ ಹಿಂದಕ್ಕೆ ಎಳೆದು ಇಟ್ಟಳು.

“ಕೂತ್ಕೊಳ್ಳಿ ಮ್ಯಾಡಮ್‌ಜೀ. ನಾಟಕ ನಿನ್ನೇನೇ ಮುಗೀತು.”

ಕೂತೆ. ಕನ್ನಡಕ ತೆಗೆದೆ.