ಅರಳಿ ಮರಕ್ಕೆ ಮೊದಲ ಏಟು

ಭೀಮರಾಯನಗುಡಿ ಕ್ಯಾಂಪಿನ ಇಂಜಿನಿಯರರು ನಮ್ಮೂರ ಅರಳಿ ಮರಕ್ಕೆ ಸುಣ್ಣದ ಗುರುತು ಹಾಕಿ ಹೋದ ದಿನ ನನಗೆ ಸಂತೋಷವಾಗಿತ್ತು. ಕಾಲುವೆ ಅದೇ ದಾರಿಯಲ್ಲಿ ಬರಬೇಕಿತ್ತು. ಅರಳಿಗೆ ಮೊದಲ ಏಟು ಹಾಕಿದವರ ವಂಶ ಉಳಿಯುವುದಿಲ್ಲವೆಂದು ಆಳುಗಳು ಕೊಡಲಿ ಮುಟ್ಟಲಿಲ್ಲ. ಸುರಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಬಂದಿದ್ದ ನಾನು ಇಂಥದೊಂದು ಅವಕಾಶಕ್ಕಾಗಿಯೇ ಕಾಯುತ್ತಿದ್ದೆ.

ಕಟ್ಟೆಯ ಬಳಿ ಊರು ಸೇರಿತು. ಹೆಂಗಸರ ನಡುವೆ ಪಕ್ಕದ ಮನೆಯ ಸೊಸೆಯೂ ಇದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಆಕೆಗೆ ಮಕ್ಕಳಿರಲಿಲ್ಲ. ಸೋಮವಾರಗಳಂದು ಒದ್ದೆ ಸೀರೆಯಲ್ಲಿ ಆ ಮರವನ್ನು ಸುತ್ತಿ ನೂಲು ಕಟ್ಟುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಓದುವ ದಿನಗಳಲ್ಲಿ ನನಗೆ ಬುತ್ತಿ ಕಟ್ಟಿಕೊಟ್ಟವಳು.

ನಿದರ್ಶನವಿಲ್ಲದ ವಾದ ನಿಲ್ಲುವುದಿಲ್ಲವೆಂದು ಕಲಿತಿದ್ದೆ. ಅವಳತ್ತ ಬೆರಳು ಮಾಡಿದೆ.

"ಒಂಬತ್ತು ವರ್ಷ ಸುತ್ಯಾಳ. ಮರ ಏನ್ ಕೊಟ್ಟದ ಹೇಳ್ರಿ? ಕೊಡಾಕ ಆಗದ್ದು ಕಸಗೊಳ್ಳಾಕ ಹೆಂಗ ಆಗ್ತದ?"

ಗೆದ್ದೆನೆಂದುಕೊಂಡೆ. ಆಮೇಲೆ ಹಿರಿಯರೊಬ್ಬರು ಎಲೆಯಡಿಕೆ ಉಗುಳಿ, "ತಮ್ಮ ಖರೇ ಹೇಳ್ಯಾನ. ಮೊದಲ ಏಟು ಆಕಿನೇ ಹಾಕ್ಲಿ. ಆಕಿದೇನ್ ಹೋಗ್ತದ?" ಎಂದರು. ಜನ ನಕ್ಕರು. ಅವಳ ಅತ್ತೆ ಕೊಡಲಿ ತಂದು ಅವಳ ಮುಂದೆ ಹಿಡಿದಳು: "ತೊಗೊ. ಮನಿಗಂತೂ ಆಗ್ಲಿಲ್ಲ, ಊರಿಗರ ಆಗು."

ಅವಳು ನನ್ನ ಕಡೆ ತಿರುಗಿದಳು. "ಹರಕಿದು ಇನ್ನಾ ಎರಡ ಸೋಮವಾರ ಉಳದಾವ ತಮ್ಮಾ. ಅಲ್ಲಿತನಕ ಬಿಡ್ರಿ ಅಂತ ಹೇಳೋ."

ಹೇಳಿದ್ದರೆ ನನ್ನ ವಾದ ನಾನೇ ಮುರಿದಂತಾಗುತ್ತಿತ್ತು. ಕೊಡಲಿಯನ್ನು ನಾನೇ ತೆಗೆದುಕೊಳ್ಳಬಹುದಿತ್ತು. ತರ್ಕ ಕೇಳುತ್ತಿದ್ದುದೂ ಅದನ್ನೇ. ಆದರೆ ಶಹಾಪುರದ ತವರಿನಲ್ಲಿ ನನ್ನ ಹೆಂಡತಿ ಐದು ತಿಂಗಳ ಬಸುರಿ. ಮರದಲ್ಲಿ ಯಾವ ಶಕ್ತಿಯೂ ಇಲ್ಲವೆಂದು ಖಚಿತವಾಗಿ ತಿಳಿದಿದ್ದ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಅವಳ ಏಟು ಮೆಲ್ಲಗೆ ಬಿತ್ತು. ತೊಗಟೆಯಿಂದ ಬಿಳಿ ಹಾಲು ಒಸರಿತು. "ಆತು, ಸರಿ ಇನ್ನ" ಎಂದು ಆಳುಗಳು ಅವಳನ್ನು ಬದಿಗೆ ಸರಿಸಿ ನುಗ್ಗಿದರು. ಸಂಜೆಯೊಳಗೆ ಮರ ಉರುಳಿತು.

ಅರಳಿ ಕಡಿದವಳ ಕೈಯಲ್ಲಿ ಉಣ್ಣಬಾರದೆಂದು ಅದೇ ಅತ್ತೆ ಸಾರಿದಳು. ಕಾಲುವೆಗೆ ನೀರು ಬರುವ ಮೊದಲೇ ಆ ಮನೆಗೆ ಎರಡನೆಯ ಸೊಸೆ ಬಂದಳು. ಅಕ್ಕ ವಡಗೇರಾ ಕಡೆಯ ತವರಿಗೆ ಹೊರಟ ಬೆಳಿಗ್ಗೆ ನಾನು ಬಸ್ಸಿನ ತನಕ ಹೋದೆ.

"ಹೆಂಡ್ತಿ ಹಡದಳಂತಲ್ಲ. ಏನ್ ಕೂಸು?"

"ಗಂಡು, ಅಕ್ಕಾ."

"ಛಲೋ ಆತು." ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. "ಮೊದಲ ಏಟು ನೀನ ಹಾಕಿದ್ರೂ ಗಂಡೇ ಆಗ್ತಿತ್ತಲ್ಲ ತಮ್ಮಾ?"

"ಆಗ್ತಿತ್ತಕ್ಕಾ" ಎಂದೆ.