ಕಚರಾ ಗಾಡಿಯ ಟಿವಿಯಲ್ಲಿ ಭಾವ

ನಾನು ಎಂಥ ಕೆಲಸ ಮಾಡುತ್ತೇನೆಂದು ನಮ್ಮತ್ತೆ ಯಾರಿಗೂ ಸರಿಯಾಗಿ ಹೇಳಿದವರಲ್ಲ. ಉಡುಪಿ ಕಡೆಯ ನೆಂಟರು ಮುಂಬೈ ಬಳಿಯ ಠಾಕುರ್ಲಿಯ ನಮ್ಮ ಮನೆಗೆ ಬಂದರೆ, "ಅವಳು ನೆರೂಳಿನಲ್ಲಿ ಆಫೀಸಲ್ಲಿದ್ದಾಳೆ" ಎಂದು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಚಹಾ ತರಲು ಎದ್ದುಬಿಡುತ್ತಿದ್ದರು. ಆಫೀಸು ಇದ್ದದ್ದು ನಿಜ. ಅದರ ಕಿಟಕಿಯಾಚೆ ಕಚರಾ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು, ಅಷ್ಟೆ. ಕಸ ಎತ್ತುವ ಗುತ್ತಿಗೆದಾರರ ಬಳಿ ನಾನು ಸೂಪರ್‌ವೈಸರ್. ಗಾಡಿ ಬರಲಿಲ್ಲವೆಂದು ಹೌಸಿಂಗ್ ಸೊಸೈಟಿಯವರು ಬೈಯಲು ಫೋನು ಮಾಡಿದರೆ ಎತ್ತುವವಳು ನಾನೇ. ಬೈಗುಳಕ್ಕೆ ಬಗ್ಗುವ ಜಾಯಮಾನ ನನ್ನದಲ್ಲವಾದ್ದರಿಂದ ಕೆಲಸ ಒಗ್ಗಿತ್ತು.

ಎರಡು ಸಾವಿರದ ಹತ್ತು ದಾಟಿದ ಮೇಲಿನ ಮಾತಿದು. ಬೇರೊಂದು ಕಡೆ, ರಿವರ್ಸ್ ಬರುತ್ತಿದ್ದ ಕಸದ ಗಾಡಿಗೂ ಗೋಡೆಗೂ ನಡುವೆ ಒಬ್ಬ ಕೆಲಸಗಾರ ಸಿಕ್ಕಿಕೊಂಡ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆ ಸುದ್ದಿ ಬಂದ ಮೇಲೆ ನಮ್ಮ ಧಣಿಗಳು ಗಾಡಿಗಳ ಹಿಂಬದಿಗೆ ಕ್ಯಾಮೆರಾ, ಡ್ರೈವರನ ಎದುರಿಗೆ ಸಣ್ಣ ಪರದೆ ಹಾಕಿಸಿದರು. ಅದನ್ನು ಎಲ್ಲರೂ ಟಿವಿ ಎಂದೇ ಕರೆದರು. ಮೊದಲ ದಿನವೇ ಒಬ್ಬ, ಇದರಲ್ಲಿ ಮ್ಯಾಚ್ ಬರುತ್ತದೆಯೇ ಎಂದು ಕೇಳಿದ.

ಒಂದು ಗಾಡಿಯ ಡ್ರೈವರ್ ವಿಜಯಪುರ ಕಡೆಯವನು. ಹಿಂದೆ ನಿಂತು ಕಸ ತುಂಬುವವರು ಅವನ ಅಕ್ಕನ ಗಂಡ. ಭಾವ ಎಂದರೆ ಅವರ ಮನೆಯಲ್ಲಿ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ. ಭಾವ ಎದ್ದು ನಿಂತರೆ ಇವನು ಕೂರುವಂತಿಲ್ಲ, ಭಾವ ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ. ಇಂಥ ಇಬ್ಬರನ್ನು ಒಂದೇ ಗಾಡಿಗೆ ಹಾಕಿದ್ದು ಅವರೇ ಕೇಳಿಕೊಂಡಿದ್ದಕ್ಕೆ.

ಟಿವಿ ಬಂದ ಮೇಲೆ ಎಲ್ಲ ಗಾಡಿಗಳೂ ಬೇಗ ಮುಗಿಸತೊಡಗಿದರೆ ಇವರದ್ದು ಮಾತ್ರ ದಿನೇ ದಿನೇ ತಡ. ಫೋನಿನಲ್ಲಿ ಬೈಗುಳ ತಿಂದು ತಿಂದು ನನಗೆ ಪಿತ್ತ ನೆತ್ತಿಗೇರಿತು. ಮರುದಿನ ಬೆಳಿಗ್ಗೆ ನಾನೇ ಹೋಗಿ ಕ್ಯಾಬಿನ್ನಿನಲ್ಲಿ ಕೂತೆ. ಮಳೆ ಹನಿಯುತ್ತಿತ್ತು.

ಮೊದಲ ಗಲ್ಲಿಯಲ್ಲೇ ಗುಟ್ಟು ರಟ್ಟಾಯಿತು. ಡ್ರೈವರ್ ರಿವರ್ಸ್ ಗೇರ್ ಹಾಕಿದ, ಟಿವಿ ಬೆಳಗಿತು. ಅದರ ನಟ್ಟನಡುವೆ ಭಾವ, ತಲೆ ಬಾಚಿಕೊಂಡು, ಫೋಟೋಕ್ಕೆ ನಿಂತವರ ಹಾಗೆ ನಿಂತಿದ್ದರು. ಇವನು ಬ್ರೇಕ್ ಒತ್ತಿದ. ಗಾಡಿಯಿಂದಿಳಿದು, ಸುತ್ತು ಹಾಕಿ ಹಿಂದೆ ಹೋಗಿ, "ಭಾವಾರ, ಒಂದೀಟ ಬಾಜೂಕ ಬರ್ರಿ" ಎಂದ, ಕೈಮುಗಿಯುವುದೊಂದೇ ಬಾಕಿ. ಅವರು ಸರಿದರು. ಇವನು ಬಂದು ಹತ್ತಿ ಮತ್ತೆ ಗೇರ್ ಹಾಕಿದ. ಭಾವ ಮತ್ತೆ ಟಿವಿಯೊಳಗೆ.

ನಾನು ಇಳಿದು ಹಿಂದೆ ಹೋಗಿ ಭಾವನನ್ನೇ ಕೇಳಿದೆ, "ಎಂತ ಮಾರಾಯ್ರೆ, ಮೊದಲೆಲ್ಲ ಬದಿಯಲ್ಲಿ ನಿಲ್ತಾ ಇದ್ರಲ್ಲ?"

"ಅವಾಗ ಟಿವಿ ಇರಲಿಲ್ಲಲ್ರೀ. ಬಾಜೂಕ ನಿಂತರ ಅದರಾಗ ನಾ ಕಾಣಂಗಿಲ್ಲ. ನಡುವ ನಿಂತರ ನಮ್ಮ ಹುಡುಗಗ ಸರಿಯಾಗಿ ಕಾಣತೀನಿ."

ಕಂಡರೆ ಸಾಕು, ಕ್ಷೇಮ ಎಂದು ಅವರ ಲೆಕ್ಕ. ಟಿವಿಯಲ್ಲಿ ಕಂಡ ಮಾತ್ರಕ್ಕೆ ಗಾಡಿ ತನ್ನಷ್ಟಕ್ಕೆ ನಿಲ್ಲುವುದಿಲ್ಲ ಎಂದೆ. ಅವರು ನಕ್ಕು, "ಹುಡುಗ ನೋಡತಾನ ಬಿಡ್ರಿ" ಎಂದರು. ವಾಪಸು ಬಂದು ಡ್ರೈವರನನ್ನು ತರಾಟೆಗೆ ತೆಗೆದುಕೊಂಡೆ. ಕೂತಲ್ಲಿಂದಲೇ ಒಮ್ಮೆ ಜೋರಾಗಿ ಕೂಗಲಿಕ್ಕೆ ಏನು ಧಾಡಿ?

"ಅಕ್ಕನ ಗಂಡಗ ಒದರೂದು ಹ್ಯಾಂಗ್ರೀ ಮೇಡಂ?" ಎಂದ ಅವನು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಮುಂದಿನ ಗಲ್ಲಿ ಇಳಿಜಾರು. ಗಾಡಿ ಏರುಮುಖವಾಗಿ ನಿಂತಿತ್ತು, ಹಿಂದೆ ಒಂದು ಸೊಸೈಟಿಯ ಗೋಡೆ, ನಡುವೆ ಭಾವ. ರಿವರ್ಸ್ ಗೇರ್ ಹಾಕುವಷ್ಟರಲ್ಲಿ ಎಲ್ಲಿಂದಲೋ ಹಾರಿಬಂದ ನೀಲಿ ಪ್ಲಾಸ್ಟಿಕ್ ಚೀಲ ಕ್ಯಾಮೆರಾಕ್ಕೆ ಅಂಟಿಕೊಂಡಿತು. ಟಿವಿ ತುಂಬ ಬರೀ ನೀಲಿ. ಅದೇ ಹೊತ್ತಿಗೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರಿ ಗಾಡಿ ತಾನಾಗಿ ಹಿಂದಕ್ಕೆ ಸರಿಯಿತು. ಡ್ರೈವರ್ ಬ್ರೇಕಿನ ಮೇಲೆ ಎದ್ದುನಿಂತು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಿರುಚಿದ: "ಏ, ಬಾಜೂಕ ಸರಿಯಲೇ!"

ಇಡೀ ಗಲ್ಲಿಗೆ ಕೇಳಿತು. ಭಾವ ಗಾಡಿಗಿಂತ ಹೆಚ್ಚಾಗಿ ಆ ಮಾತಿಗೇ ಬೆಚ್ಚಿ ಪಕ್ಕಕ್ಕೆ ಹಾರಿರಬೇಕು. ಗಾಡಿ ಗೋಡೆಯಿಂದ ಮೊಳದಷ್ಟು ದೂರದಲ್ಲಿ ನಿಂತಿತು. ನಾನು ಇಳಿದು ನೋಡಿದಾಗ ಅವರು ಗೋಡೆಗೊರಗಿ, ಭಾಮೈದನ ಮುಖವನ್ನೇ ನೋಡುತ್ತಿದ್ದರು.

ಮಾರನೆಯ ದಿನ ಮಧ್ಯಾಹ್ನ ಡ್ರೈವರನ ಅಕ್ಕ ಗಂಡನನ್ನು ಕರೆದುಕೊಂಡು ನಮ್ಮ ಆಫೀಸಿಗೇ ಬಂದಳು. ಗಂಡ ರಾತ್ರಿ ಊಟ ಮಾಡಿರಲಿಲ್ಲವಂತೆ. ಬೀದಿಯಲ್ಲಿ ನಿಂತು ಭಾವನಿಗೆ 'ಲೇ' ಅನ್ನುವಷ್ಟು ದೊಡ್ಡವನಾದೆಯಾ ಎಂದು ತಮ್ಮನಿಗೆ ಕೇಳಿದಳು. ಅವನು ತಲೆ ತಗ್ಗಿಸಿ ನಿಂತ. ಈ ಹೆಂಗಸಿಗೆ ಮಾತಿನಲ್ಲಿ ತಿಳಿಯಹೇಳುವುದು ನನ್ನಿಂದಾಗದ ಕೆಲಸ ಎನ್ನಿಸಿ, "ಬನ್ನಿ, ಗಾಡಿ ಹತ್ತಿ" ಎಂದೆ.

ಗಂಡನನ್ನು ಗಾಡಿಯ ಹಿಂದೆ ದೂರದಲ್ಲಿ ನಿಲ್ಲಿಸಿ, ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ತಮ್ಮ ಅವಳ ಪಕ್ಕ ಬಗ್ಗಿ, ಇಂಜಿನ್ ಚಾಲೂ ಮಾಡದೆ ಬರೀ ಚಾವಿ ತಿರುಗಿಸಿ ರಿವರ್ಸ್ ಗೇರ್ ಹಾಕಿದ. ಟಿವಿಯಲ್ಲಿ ಗಂಡ ಕಂಡರು, ಕಿರುಬೆರಳಿನಷ್ಟು. ಅವಳಿಗೆ ನಗು ಬಂತು. "ಅಯ್ಯ, ಇಷ್ಟ ಸಣ್ಣ ಕಾಣತಾರ!" ಎಂದಳು.

ನಾನು ಕ್ಯಾಬಿನ್ನಿನ ತೆರೆದ ಬಾಗಿಲಲ್ಲೇ ನಿಂತು, ಕಸ ತುಂಬುವಾಗ ನಿಲ್ಲುವಷ್ಟು ಹತ್ತಿರ ಬರಲು ಅವರಿಗೆ ಕೂಗಿ ಹೇಳಿದೆ. ಒಂದೊಂದೇ ಹೆಜ್ಜೆ ಬಂದರು. ಟಿವಿಯಲ್ಲಿ ಮೊದಲು ಕಾಲು ಹೋಯಿತು, ಆಮೇಲೆ ಹೊಟ್ಟೆ, ಕೊನೆಗೆ ಬಾಚಿದ ತಲೆ. ಖಾಲಿ ನೆಲವಷ್ಟೇ ಉಳಿಯಿತು.

"ಎಲ್ಲಿ ಹೋದರು?" ಅವಳು ಕೇಳಿದಳು.

"ಎಲ್ಲೂ ಹೋಗಿಲ್ಲಕ್ಕ, ಅಲ್ಲೇ ಅದಾರ" ಎಂದ ತಮ್ಮ.

ಅವಳು ಪರದೆ ನೋಡಿದಳು, ಗೇರ್ ಮೇಲಿದ್ದ ತಮ್ಮನ ಕೈ ನೋಡಿದಳು. ಮದುವೆಯಾದಾಗಿನಿಂದ ಗಂಡನ ಹೆಸರು ಹಿಡಿದು ಕರೆದವಳಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಲ್ಲಿದ್ದ ಗಾಡಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು: "ಏ, ಬಾಜೂಕ ಸರಿಯಲೇ!"

ಅವರು ಗಾಬರಿಯಿಂದ ಓಡಿಬಂದು ಕಿಟಕಿಯ ಕೆಳಗೆ ನಿಂತು ಏನಾಯಿತೆಂದು ಕೇಳಿದರು. ಅವಳು ಅಳುತ್ತಿದ್ದಳು.

"ನೀವು ಕಾಣಲಿಲ್ಲರೀ," ಎಂದಳು. "ಎಲ್ಲೂ ಕಾಣಲಿಲ್ಲ."