ಒಮ್ಮೆ ಮಾತ್ರ ಕಂಡ ಸಿಸಿಲಿಯನ್

ಎರಡು ವರ್ಷದ ಹಿಂದಿನ ಮುಂಗಾರು. ಶಿವಮೊಗ್ಗ, ಭದ್ರಾವತಿ ಸುತ್ತಿನ ಉಭಯವಾಸಿಗಳ ಸಮೀಕ್ಷೆಯೊಂದರಲ್ಲಿ ನಾನು ಸಂಶೋಧಕ. ಓದುವಾಗ ಡಾರ್ಜಿಲಿಂಗ್ ಕಡೆ ಹಲ್ಲಿಯಂತೆ ಕಾಣುವ ಸಾಲಮಾಂಡರ್‌ಗಳ ಬೆನ್ನು ಹತ್ತಿದ್ದೆ. ನಮ್ಮ ಕಡೆ ಅವು ಇಲ್ಲ. ಇಲ್ಲಿರುವುದು ಅವುಗಳ ಕಾಲಿಲ್ಲದ ಬಂಧು ಸಿಸಿಲಿಯನ್. ಕಪ್ಪೆಯ ಬಳಗದ್ದೇ ಆದರೂ ಎರೆಹುಳುವಿನಂತೆ ಮೈತುಂಬ ಉಂಗುರ. ಹಾವೆಂದು ಜನ ಹೊಡೆದುಹಾಕುತ್ತಾರೆ. ಅದಕ್ಕೇ ಭದ್ರಾವತಿಯ ಒಂದು ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಸಭೆ ನಡೆಸಿ, "ಹೊಡೀಬೇಡಿ, ಫೋಟೋ ಕಳಿಸಿ" ಎಂದು ನನ್ನ ವಾಟ್ಸಾಪ್ ನಂಬರ್ ಹಂಚಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಶಿವಮೊಗ್ಗದ ಸವಳಂಗ ರಸ್ತೆಯ ಬಾಡಿಗೆ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾಗ ಫೋಟೋ ಬಂತು. ಕಳಿಸಿದವರು ಆ ಕ್ವಾರ್ಟರ್ಸ್‌ನ ಸೆಲ್ವಿ. ಒಮ್ಮೆ ತೆರೆದರೆ ಅಳಿಸಿಹೋಗುವ ಫೋಟೋ. ಬಕೆಟ್ಟಿನ ಕೆಸರಲ್ಲಿ ಸುರುಳಿ ಸುತ್ತಿದ ಕಪ್ಪು ಪ್ರಾಣಿ, ಮೈಮೇಲೆ ಗೆರೆಗಳು. ಹಿಂದೆಯೇ ಫೋನು.

"ಸರ್, ನಮ್ಮನೆಯೋರು ಮೋರಿ ಕ್ಲೀನ್ ಮಾಡ್ತಿದ್ರು. ಇದು ಕೈಗೆ ಸುತ್ಕೊಂತು. ಬೆರಳಲ್ಲಿ ಚಿಕ್ಕ ಗಾಯ ಐತೆ."

"ನೋವಿದ್ಯಾ?"

"ಏನೂ ಇಲ್ವಂತೆ. ಟೀ ಕುಡೀತಾವ್ರೆ."

"ಹಂಗಾದ್ರೆ ಭಯ ಬೇಡಮ್ಮ. ಅದು ಸಿಸಿಲಿಯನ್, ಏನೂ ಆಗಲ್ಲ."

ಫೋನಿಟ್ಟು ದೋಸೆ ಮಗುಚಿದೆ. ಆಮೇಲೆ ಕಟ್ಟುಹಾವಿನ ನೆನಪಾಯಿತು. ಆ ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ನೋವಿರುವುದಿಲ್ಲ. ಗಂಟೆಗಳ ನಂತರ ರೆಪ್ಪೆ ಜೋತುಬೀಳುತ್ತದೆ, ಉಸಿರು ಕಟ್ಟುತ್ತದೆ. ಅದರ ಮರಿಯೂ ಕಪ್ಪು, ಮೈಮೇಲೆ ಬಿಳಿ ಪಟ್ಟೆ. ನಾನು ಕಂಡ ಗೆರೆ ಉಂಗುರವೋ, ಪಟ್ಟೆಯೋ? ಮತ್ತೆ ನೋಡಲು ಫೋಟೋ ಇರಲಿಲ್ಲ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. "ಕೂಡಲೇ ಆಸ್ಪತ್ರೆಗೆ ಹೋಗಿ, ನಾನು ಹೇಳಿದ್ದು ತಪ್ಪಿರಬಹುದು" ಎಂದು ಮೆಸೇಜ್ ಹಾಕಿದೆ. ಒಂದೇ ಟಿಕ್, ತಲುಪಿರಲಿಲ್ಲ. ಒಲೆ ಆರಿಸಿ ಬೈಕ್ ಹತ್ತಿದೆ.

ದಾರಿಯುದ್ದಕ್ಕೂ ಆ ಫೋಟೋ ನೆನೆಯುತ್ತಲೇ ಇದ್ದೆ. ನೆನೆದಷ್ಟೂ ಗೆರೆಗಳು ಬೆಳ್ಳಗಾದವು. ಭದ್ರಾ ಸೇತುವೆ ಮುಟ್ಟುವ ಹೊತ್ತಿಗೆ ಹಾವಿನ ಹುರುಪೆಗಳ ಹೊಳಪೂ ಕಾಣತೊಡಗಿತ್ತು. ಸಾಯಲಿರುವ ಮನುಷ್ಯನಿಗೆ ಕೂತು ಟೀ ಕುಡಿ ಎಂದಿದ್ದೆನೇ?

ಕ್ವಾರ್ಟರ್ಸ್‌ನಲ್ಲಿ ಸೆಲ್ವಿಯ ಮನೆಗೆ ಬೀಗ. ಎದುರು ಮನೆಯಾಕೆ, "ಮುರುಗೇಶಣ್ಣನ್ನ ಆಸ್ಪತ್ರೆಗೆ ಕರ್ಕೊಂಡ್ಹೋದ್ರಲ್ಲ" ಎಂದರು. ಬೈಕನ್ನು ಆಸ್ಪತ್ರೆ ಕಡೆ ತಿರುಗಿಸಿದೆ.

ಆಸ್ಪತ್ರೆಯ ಮಂಚದ ಮೇಲೆ ಮುರುಗೇಶ ಕಣ್ಣರಳಿಸಿ ಕೂತಿದ್ದರು. ಕಾಲ ಬಳಿ ತಟ್ಟೆ ಮುಚ್ಚಿದ ಬಕೆಟ್ಟು.

"ಮೆಸೇಜ್ ನೋಡಿ ಬಂದ್ರಾ?" ಎಂದೆ.

"ಯಾವ ಮೆಸೇಜು? ನೆಟ್ ಪ್ಯಾಕೇ ಮುಗ್ದೋಯ್ತು," ಎಂದರು ಸೆಲ್ವಿ. "ನೀವು ಕಪ್ಪೆ ಮೇಷ್ಟ್ರು ಸರ್, ಡಾಕ್ಟರಾ? ನಂಗಿರೋನು ಒಬ್ಬನೇ ಗಂಡ."

"ಟೀನೂ ಪೂರ್ತಿ ಕುಡಿಯೋಕೆ ಬಿಡ್ಲಿಲ್ಲ ಮಾರಾಯ್ರೆ," ಎಂದರು ಮುರುಗೇಶ.

ತಟ್ಟೆ ಎತ್ತಿದೆ. ಒದ್ದೆ ಚರ್ಮ, ಒತ್ತೊತ್ತಾದ ಉಂಗುರಗಳು. ಬಿಳಿ ಎಂಬುದು ಎಲ್ಲೂ ಇಲ್ಲ. ಸಿಸಿಲಿಯನ್ನೇ. ಮೊದಲು ಹೇಳಿದ್ದೇ ಸರಿಯಿತ್ತು. ರಾತ್ರಿಯಿಡೀ ನಿಗಾದಲ್ಲಿಟ್ಟ ಮೇಲೆ ಮರುದಿನ ಮುರುಗೇಶ ಮನೆಗೆ ಮರಳಿದರು; ಸಿಸಿಲಿಯನ್ ಅದೇ ಮೋರಿ ಪಕ್ಕದ ಮಣ್ಣಿಗೆ ಹೋಯಿತು.

ಈಗ ಯಾರು ಫೋನ್ ಮಾಡಿದರೂ, ಗಾಯವಿದ್ದರೆ ಮೊದಲು ಆಸ್ಪತ್ರೆಗೆ ಕಳಿಸುತ್ತೇನೆ. ಪ್ರಾಣಿಯ ಹೆಸರು ಆಮೇಲೆ ಹೇಳಬಹುದು. ಅದೂ ಎರಡನೇ ಸಲ ನೋಡಲು ಸಿಕ್ಕಿದರೆ. ನೆನಪಿನ ಮೇಲೆ ಭಾರ ಹಾಕುವುದನ್ನು ಬಿಟ್ಟಿದ್ದೇನೆ. ಯಾಕೆಂದರೆ ಆ ಸಿಸಿಲಿಯನ್ ಎಂದಾಗ ಇವತ್ತಿಗೂ ನನಗೆ ಮೊದಲು ಕಾಣುವುದು ಅದರ ಮೈಮೇಲಿನ ಬಿಳಿ ಪಟ್ಟೆಗಳೇ.